ಸದ್ದಿಲ್ಲದೆ ಬರುವ ಬ್ಯಾಟರಿ ಬಸ್ಸಿಗೊಂದು ಅಹವಾಲು

ಮಾನ್ಯ ಬ್ಯಾಟರಿ ಬಸ್ಸಿನವರೇ,

ತಾವು ದಿನವೂ ಹತ್ತಿಳಿಯುವ ಏರುರಸ್ತೆಯ ತಿರುವಿನಲ್ಲಿ, ನಿಲ್ದಾಣದ ಎದುರಿಗೇ ಅಂಗಡಿ ಇಟ್ಟುಕೊಂಡಿರುವ ದರ್ಜಿಯ ಸವಿನಯ ವಂದನೆಗಳು. ನಾವೆಲ್ಲ ಇಲ್ಲಿ ಕ್ಷೇಮ. ತಾವು ರಾತ್ರಿಯಿಡೀ ಡಿಪೋದಲ್ಲಿ ಹೊಟ್ಟೆತುಂಬ ಕರೆಂಟು ಕುಡಿದು ಸುಖನಿದ್ರೆ ಮಾಡಿ ಬರುತ್ತಿರುವುದು ತಮ್ಮ ಮೈಯ ಹೊಳಪಿನಿಂದಲೇ ತಿಳಿಯುತ್ತದೆ.

ಮೊದಲಿಗೆ ತಮ್ಮ ಗುಣಗಾನ ಮಾಡದೆ ದೂರಿಗೆ ಇಳಿದರೆ ನನ್ನಂಥ ಕೃತಘ್ನ ಇನ್ನೊಬ್ಬನಿರಲಾರ. ತಮಗಿಂತ ಮುಂಚೆ ಇಲ್ಲಿ ಓಡುತ್ತಿದ್ದ ಡೀಸೆಲ್ ಬಸ್ಸಿಗೆ ನಮ್ಮ ಬೀದಿಯವರು ಗೊರಕೆರಾಯ ಎಂದು ಹೆಸರಿಟ್ಟಿದ್ದರು. ಆ ಮಹಾನುಭಾವರು ಏರು ಹತ್ತುವಾಗ ಬಿಡುತ್ತಿದ್ದ ಹೊಗೆಗೆ ನಾನು ಹೊಲಿದು ನೇತುಹಾಕಿದ ಬಿಳಿ ಅಂಗಿಗಳು ಸಂಜೆಯೊಳಗೆ ಬೂದಿಬಣ್ಣಕ್ಕೆ ತಿರುಗಿ, ಗಿರಾಕಿಗಳು "ನಾನು ಕೊಟ್ಟಿದ್ದು ಈ ಬಟ್ಟೆ ಅಲ್ವೇ ಅಲ್ಲ" ಎಂದು ಜಗಳಕ್ಕೆ ನಿಲ್ಲುತ್ತಿದ್ದರು. ತಾವು ಬಂದ ಮೇಲೆ ಬಿಳಿ ಬಿಳಿಯಾಗಿಯೇ ಉಳಿದಿದೆ, ನನ್ನ ಕೆಮ್ಮು ಎಲ್ಲಿಗೆ ಹೋಯಿತೋ ಪತ್ತೆಯಿಲ್ಲ.

ಆದರೆ ಗೊರಕೆರಾಯರಿಗೆ ಒಂದು ಮರ್ಯಾದೆ ಇತ್ತು ಸ್ವಾಮಿ. ಬರುವ ಮೊದಲು ಹೇಳಿ ಬರುತ್ತಿದ್ದರು. ಅವರು ಏರಿನ ಬುಡದಲ್ಲಿ ನರಳಲು ಶುರುಮಾಡಿದ ಮೇಲೆಯೇ ನಮ್ಮ ಬೀದಿಯವರು ಕೊನೆಯ ಗುಟುಕು ಕುಡಿದು, ಬೀಗ ಹಾಕಿ, ಬೀಗವನ್ನು ಒಮ್ಮೆ ಜಗ್ಗಿ ನೋಡಿ, ಆರಾಮಾಗಿ ನಿಲ್ದಾಣಕ್ಕೆ ಬರುವುದು ಇಲ್ಲಿಯ ಪದ್ಧತಿಯಾಗಿತ್ತು. ಈಗ ಪಕ್ಕದ ಮನೆಯ ಟೀಚರಮ್ಮ ಒಂದೇ ಚಪ್ಪಲಿ ಮೆಟ್ಟಿಕೊಂಡು ತಮ್ಮ ಬೆನ್ನಟ್ಟಿ ಓಡುವುದನ್ನು ತಾವೂ ಕನ್ನಡಿಯಲ್ಲಿ ಕಂಡಿರಬಹುದು. ಹೋಗಲಿ, ಅವರಿಗೆ ಕಣ್ಣಿದೆ, ನಾಲ್ಕು ದಿನ ಓಡಿ ಕಲಿತುಕೊಳ್ಳುತ್ತಾರೆ.

ನನ್ನ ಅಹವಾಲು ನನ್ನ ಅಕ್ಕನ ವಿಷಯ. ಹರೆಯದಲ್ಲೇ ಅವಳ ಕಣ್ಣು ಹೋಯಿತು. ಆಸ್ಪತ್ರೆಯಲ್ಲಿ ಫೋನ್ ಎತ್ತುವ ಕೆಲಸ ಅವಳದು. ಗಾಬರಿಯಾಗಿ ಫೋನ್ ಮಾಡಿದವರನ್ನು ಮೊದಲು ಸಮಾಧಾನ ಮಾಡಿ, ಆಮೇಲೆ ಡಾಕ್ಟರಿಗೆ ಕೊಡುವವಳು ಅವಳೇ. ಮನೆಯಿಂದ ಕೋಲು ಹಿಡಿದು ನಿಲ್ದಾಣಕ್ಕೆ ಬಂದು, ಗೊರಕೆ ಎಲ್ಲಿ ನಿಂತಿತೆಂದು ಕೇಳಿಸಿಕೊಂಡು, ಬಾಗಿಲು ಉಸ್ಸೆಂದ ಕಡೆಗೆ ನಡೆದು, ಯಾರ ಹಂಗೂ ಇಲ್ಲದೆ ಹತ್ತಿ ಹೋಗುತ್ತಿದ್ದಳು. ಈಗ ತಾವು ಪರಮ ಸೌಜನ್ಯದಿಂದ ಬಂದು, ಸೌಜನ್ಯದಿಂದ ನಿಂತು, ಅಷ್ಟೇ ಸೌಜನ್ಯದಿಂದ ಹೊರಟುಬಿಡುತ್ತೀರಿ; ಹೋಗಿಬಿಟ್ಟ ಬಸ್ಸಿಗಾಗಿ ಅಕ್ಕ ರಸ್ತೆಗೆ ಮುಖಮಾಡಿ ಕಾಯುತ್ತ ನಿಂತಿರುತ್ತಾಳೆ.

ಹೋದ ವಾರ ಹೀಗೇ ತಡವಾಗಿ ಹೋದಾಗ ಆಸ್ಪತ್ರೆಯ ಮೇಲಧಿಕಾರಿಗಳು ಬಲು ಮೃದುವಾಗಿ, ಇನ್ನು ಮೇಲೆ ಯಾರನ್ನಾದರೂ ಜೊತೆಗೆ ಕರೆದುಕೊಂಡು ಬರಬಾರದೇ ಎಂದರಂತೆ. "ಬೈದಿದ್ರೆ ಸಹಿಸ್ಕೋತಿದ್ದೆ ಕಣೋ, ಕನಿಕರ ತೋರಿಸ್ಬಿಟ್ರು" ಎಂದು ಮನೆಗೆ ಬಂದು ಕೋಲನ್ನು ಮೂಲೆಗೆ ಎಸೆದಳು. ನಾನು ಬಾಯಿ ತೆರೆಯುವ ಮೊದಲೇ, "ನೀನು ಕೈ ಹಿಡಿದು ಬಸ್ ಹತ್ತಿಸೋ ದಿನ ಬಂದ್ರೆ ಕೆಲಸಾನೇ ಬಿಡ್ತೀನಿ" ಎಂದೂ ಹೇಳಿಟ್ಟಿದ್ದಾಳೆ. ನಮ್ಮಕ್ಕ ಆಡಿದ್ದನ್ನು ಮಾಡುವ ಪೈಕಿ.

ತಮ್ಮ ಕಚೇರಿಯವರು ಕೈಕಟ್ಟಿ ಕೂತಿಲ್ಲವೆಂಬುದನ್ನು ಒಪ್ಪಬೇಕು. ಕಣ್ಣು ಕಾಣದವರಿಗೆ ತೊಂದರೆಯಾಗುತ್ತಿದೆ ಎಂದು ನಾನು ಬರೆದುಕೊಟ್ಟ ಕೂಡಲೇ ತಮ್ಮ ಹಣೆಗೆ ಇನ್ನೂ ದೊಡ್ಡ ಅಕ್ಷರಗಳ, ಝಗಮಗಿಸುವ ಬೋರ್ಡು ತೂಗುಹಾಕಿಸಿದರು. ಆ ಬುದ್ಧಿವಂತಿಕೆಯನ್ನು ಏನೆಂದು ಕೊಂಡಾಡಲಿ! ಮತ್ತೆ ಬರೆದಾಗ ತಮಗೊಂದು ಇಂಪಾದ ಸಂಗೀತ ಕೂಡಿಸಿದರು. ಅದೇ ಸಂಗೀತ ಕಸದ ಗಾಡಿಗೂ ಇದೆಯೆಂಬುದನ್ನು ಮಾತ್ರ ಯಾರೂ ವಿಚಾರಿಸಲಿಲ್ಲ. ಮರುದಿನ ಬೀದಿಯ ಹೆಂಗಸರೆಲ್ಲ ಕಸದ ಬಕೆಟ್ಟು ಹಿಡಿದು ತಮ್ಮ ಬಾಗಿಲಿಗೆ ಬಂದರು. ಇತ್ತ ಅಕ್ಕ ಕಸದ ಗಾಡಿಯ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ಆಸ್ಪತ್ರೆಗೆ ಒಂದು ಟಿಕೆಟ್ ಕೊಡಿ ಎಂದಳು. ಅವಳು ನಕ್ಕಳು. ನನಗೆ ನಗು ಬರಲಿಲ್ಲ.

ಆದ್ದರಿಂದ ತಮ್ಮಲ್ಲಿ ನೇರವಾಗಿಯೇ ಬೇಡಿಕೊಳ್ಳುವುದೇನೆಂದರೆ, ಏರಿನ ಬುಡದಲ್ಲಿ ಒಮ್ಮೆ ಕೆಮ್ಮಿರಿ. ಗಂಟಲಿಲ್ಲವಾದರೆ ನಿಟ್ಟುಸಿರು ಬಿಡಿ. ಅದೂ ತಮ್ಮ ಅಂತಸ್ತಿಗೆ ಕಡಿಮೆಯಾದರೆ, ಒಂದೆರಡು ಕಿಟಕಿ ಗಡಗಡ ಎನ್ನುವಂತೆ ಸ್ಕ್ರೂ ಸಡಿಲಿಸಿಕೊಡಲು ಪಕ್ಕದ ಗ್ಯಾರೇಜಿನವರು ತಯಾರಿದ್ದಾರೆ. ನನ್ನ ತಾತನ ಕಾಲದ ಹೊಲಿಗೆ ಮೆಷಿನ್ನನ್ನು ತಮ್ಮ ಮೂತಿಗೆ ಜೋಡಿಸಿಕೊಂಡರೂ ನನ್ನ ಆಕ್ಷೇಪಣೆಯಿಲ್ಲ. ಅದನ್ನು ತುಳಿದರೆ ಮೂರು ಬೀದಿಗೆ ಕೇಳಿಸುತ್ತದೆ. ಗೊರಕೆರಾಯರನ್ನೇ ಮರಳಿ ಕಳಿಸಿರೆಂದು ಮಾತ್ರ ಕೇಳಕೂಡದೆಂದು ಅಕ್ಕನ ಅಪ್ಪಣೆಯಾಗಿದೆ: "ಈಗ ಸ್ಟಾಪಲ್ಲಿ ನಿಂತ್ರೆ ಉಸಿರಾಡೋಕಾಗುತ್ತೆ ಕಣೋ. ಬಂದಾಗ ಬಂದೆ ಅನ್ನಲಿ, ಅಷ್ಟು ಸಾಕು."

ಉತ್ತರವನ್ನಾದರೂ ಸ್ವಲ್ಪ ಸದ್ದುಮಾಡಿ ಕಳಿಸುವಿರೆಂಬ ಭರವಸೆಯಲ್ಲಿರುವ,

ತಮ್ಮ ವಿಶ್ವಾಸಿ,
ತಿರುವಿನ ದರ್ಜಿ

ತಾ.ಕ.: ಈ ಪತ್ರವನ್ನು ಖುದ್ದಾಗಿ ಒಪ್ಪಿಸಲು ಇಂದು ಬೆಳಿಗ್ಗೆ ನಿಲ್ದಾಣದಲ್ಲಿ ಅಕ್ಕನಿಂದ ತುಸು ದೂರ, ಅವಳಿಗೆ ಗೊತ್ತಾಗದಂತೆ ನಿಂತಿದ್ದೆ. ತಮ್ಮ ಡ್ರೈವರು ಏರಿನಲ್ಲಿರುವಾಗಲೇ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ "ಅಕ್ಕಾ, ಬಂದೆ, ನಾನೇ ಬಸ್ಸು!" ಎಂದು ಬೀದಿ ಹಾರಿಬೀಳುವಂತೆ ಕೂಗಿದರು, ಬಾಗಿಲು ಅಕ್ಕನ ಮುಂದೆ ಬರುವವರೆಗೂ ಕೂಗುತ್ತಲೇ ಇದ್ದರು. ಅವಳು ಕೋಲು ಮಡಚಿಕೊಂಡು ಒಬ್ಬಳೇ ಹತ್ತಿದಳು. ಕಚೇರಿಯ ಹುಕುಮೇ ಎಂದು ನಾನು ಡ್ರೈವರ ಕಿಟಕಿಯ ಬಳಿ ಹೋಗಿ ಮೆಲ್ಲಗೆ ಕೇಳಿದ್ದಕ್ಕೆ, "ಹುಕುಮು ಯಾಕ್ರೀ ಬೇಕು, ಅವರು ನಿಂತಿರೋದು ನನಗೆ ಕಾಣುತ್ತಲ್ಲ" ಎಂದರು. ಮುಂದಿನ ವರ್ಷ ಡ್ರೈವರಿಲ್ಲದೆಯೇ ಓಡುವ ಬಸ್ಸು ತರುತ್ತಾರೆಂದು ಪೇಪರಿನಲ್ಲಿ ಓದಿದೆ, ಅಭಿನಂದನೆಗಳು. ಅವರನ್ನು ಇಳಿಸುವ ಮುನ್ನ ಅವರ ಬಾಯಿಯನ್ನಾದರೂ ಬಿಚ್ಚಿಟ್ಟುಕೊಳ್ಳಿ. ತಮ್ಮ ಇಡೀ ಗಾಡಿಯಲ್ಲಿ ನಮ್ಮಕ್ಕನ ಉಪಯೋಗಕ್ಕೆ ಬಂದ ಭಾಗ ಅದೊಂದೇ.