ಸಮುದ್ರಕ್ಕೊಂದು ಚಾದರ

ಮನೆಯಲ್ಲಿ ಒಬ್ಬರಿಗೆ ಹುಚ್ಚು ಹಿಡಿದರೆ ಓಣಿಗೆಲ್ಲ ಮೋಜು. ನಮ್ಮ ಮನೆಯಲ್ಲಿ ಹಿಡಿದದ್ದು ಹೆಂಡತಿಗೆ, ಸಿನೆಮಾದ ಹುಚ್ಚು.

ನಮ್ಮದು ಸೊಲ್ಲಾಪುರದ ನವಿ ಪೇಠದಲ್ಲಿ ಬಟ್ಟೆ ಅಂಗಡಿ. ಅವಳ ತವರು ಕಾರವಾರ, ಮನೆ ಮುಂದೆಯೇ ಸಮುದ್ರ. ನಾಲ್ಕು ವರ್ಷದಿಂದ ಅವಳು ಅದನ್ನು ನೋಡಿಲ್ಲ. ಕೇಳಿದಾಗೆಲ್ಲ ನಾನು, "ಈ ಸೀಜನ್ ಒಂದ ಮುಗೀಲಿ" ಅನ್ನುತ್ತೇನೆ. ಮದುವೆ ಸೀಜನ್ ಮುಗಿದರೆ ಗಣಪತಿ, ಗಣಪತಿ ಮುಗಿದರೆ ದೀಪಾವಳಿ.

ಸಾಕಾಗಿ ಅವಳು ಒಂದು ಹಾಡಿನ ಸಿನೆಮಾ ತೆಗೆಯಲು ನಿಂತಳು. ಕಥೆ ಐರ್ಲೆಂಡಿನ ಜನಪದದ್ದು. ಕಡಲನಾಯಿ, ಅಂದರೆ ಸೀಲ್, ತೊಗಲು ಕಳಚಿ ಹೆಣ್ಣಾಗುತ್ತದೆ. ಒಬ್ಬ ಆ ತೊಗಲು ಮುಚ್ಚಿಟ್ಟು ಅವಳನ್ನು ಮದುವೆಯಾಗುತ್ತಾನೆ. ತೊಗಲು ಸಿಕ್ಕ ದಿನ ಅವಳು ಸಮುದ್ರಕ್ಕೆ ಮರಳುತ್ತಾಳೆ.

"ಭಾಳ ಚಂದ ಕಥಿ," ಎಂದೆ. ನನಗೇನೂ ಹೊಳೆಯಲಿಲ್ಲ.

೧. ತೊಗಲು

ಸೊಲ್ಲಾಪುರದಲ್ಲಿ ಕಡಲನಾಯಿಯ ತೊಗಲು ಎಲ್ಲಿಂದ ತರುವುದು? ಅಂಗಡಿಯಿಂದ ದಪ್ಪನೆಯ ಚಾದರ ಕೊಟ್ಟೆ. "ಬಣ್ಣ ಹೋಗಂಗಿಲ್ಲ, ಗ್ಯಾರಂಟಿ."

ಸಮುದ್ರದ ಬದಲು ನಮ್ಮ ಹಳ್ಳಿ ತಡವಳದ ಕೆರೆ. ನಾಯಕಿ ನಮ್ಮ ಅಣ್ಣನ ಮಗಳು. ಚಾದರ ಹೊದ್ದು ಮೊಣಕಾಲುದ್ದ ನೀರಿನಲ್ಲಿ ಕುಳಿತವಳಿಗೆ ಏಳಲಾಗಲಿಲ್ಲ. ಚಾದರ ಅರ್ಧ ಕೆರೆ ಕುಡಿದಿತ್ತು. ಮೂವರು ಸೇರಿ ಎಳೆದೆವು. ಡೈರೆಕ್ಟರ್, ಅಂದರೆ ಹೆಂಡತಿ, ನನ್ನನ್ನೇ ದುರುಗುಟ್ಟಿ ನೋಡಿದಳು.

"ಬಣ್ಣ ಹೋಗ್ಯದೇನ ನೋಡ ಮತ್ತ!" ಎಂದೆ.

೨. ಹಾಡು

ನಾಯಕಿ ಕಲಿತದ್ದು ಮರಾಠಿ ಸಾಲಿಯಲ್ಲಿ. ಕನ್ನಡ ಮಾತಾಡುತ್ತಾಳೆ, ಓದಲು ಬರುವುದಿಲ್ಲ. ಹಾಡನ್ನು ಮರಾಠಿ ಅಕ್ಷರದಲ್ಲಿ ಬರೆದುಕೊಟ್ಟೆವು. ನಡುನಡುವೆ ಡೈರೆಕ್ಟರ್ ಸೂಚನೆ ಸೇರಿಸಿದ್ದಳು. ಹುಡುಗಿ ಅದನ್ನೂ ರಾಗವಾಗಿ ಹಾಡಿದಳು: "ಇಲ್ಲೆ ನಿಂತ ಉಸರ ತಗೋ, ದೂರ ಸಮುದ್ರ ಕಾಣಸ್ತದ ಅಂತ ತಿಳಕೋ..."

ಎಲ್ಲರೂ ಬಿದ್ದು ಬಿದ್ದು ನಕ್ಕರು. ಹೆಂಡತಿ ನಗಲಿಲ್ಲ. "ಇರ್ಲಿ, ತಗೀಬ್ಯಾಡ್ರಿ. ಇಡೀ ಹಾಡಿನ್ಯಾಗ ಖರೇ ಮಾತ ಅದೊಂದ ಅದ."

ಉಳಿದ ಹಾಡೆಲ್ಲ ನಾನು ಬರೆದದ್ದು.

೩. ಉಡಿ

ಕಡೆಯ ದೃಶ್ಯ. ತೊಗಲು ಸಿಕ್ಕಿದೆ, ನಾಯಕಿ ಹೊರಟಿದ್ದಾಳೆ. ಚಹಾ ತಂದಿದ್ದ ತಡವಳದ ನಮ್ಮ ಸೋದರತ್ತಿ ಕ್ಯಾಮೆರಾದ ಮುಂದೆಯೇ ಬಂದು ನಿಂತಳು.

"ಎಲ್ಲಿಗಿ ಹೊಂಟಾಳಕಿ?"

"ತವರಿಗಿ, ಅತ್ತಿ," ಎಂದಳು ಡೈರೆಕ್ಟರ್.

"ಬರೇ ಉಡೀಲೆ? ನಮ್ಮ ಊರಾಗ ಹಂಗ ನಡ್ಯಂಗಿಲ್ಲ."

ಮನೆಗೆ ಹೋಗಿ ಅಕ್ಕಿ, ಕಾಯಿ, ಕುಬಸದ ಖಣ ತಂದು ನಾಯಕಿಯ ಉಡಿ ತುಂಬಿದಳು. ಅಕ್ಕಿ ಉಳಿಯಿತು. "ಇನ್ನ ಯಾರರ ತವರಿಗಿ ಹೋಗವ್ರಿದ್ದೀರೇನು?"

ಡೈರೆಕ್ಟರ್ ಕ್ಯಾಮೆರಾ ಬಿಟ್ಟು ಬಂದು ಸೆರಗೊಡ್ಡಿದಳು. ಕಣ್ಣು ತುಂಬಿದ್ದವು. ಅತ್ತಿ ಅವಳ ಉಡಿಯನ್ನೂ ತುಂಬಿದಳು.

ನಾನು, "ಅತ್ತಿ, ದೀಪಾವಳಿ ಸೀಜನ್..." ಎಂದೆ.

"ಉಡಿ ತುಂಬಿದಾಕಿ ತಿರುಗಿ ಒಳಗ ಬರಂಗಿಲ್ಲ. ಬಸ್ಸ ಹತ್ತಸು!"

ಡೈರೆಕ್ಟರ್ ಹತ್ತಿರದ ಅಕ್ಕಲಕೋಟೆಯಲ್ಲಿ ಬಸ್ಸು ಹತ್ತಿದಳು. ಕಡೆಯ ದೃಶ್ಯ ಹಾಗೇ ಉಳಿಯಿತು.

೪. ಚಾದರ

ಮನೆಯಲ್ಲಿ ಹಾಡಿಲ್ಲ, ಬೈಗುಳವೂ ಇಲ್ಲ. ಚಹಾ ಕೂಡ ರುಚಿಸುತ್ತಿರಲಿಲ್ಲ. ಮೂರನೆಯ ದಿನ ಫೋನ್ ಬಂತು. ಅವಳ ಮಾತಿನ ಹಿಂದೆ ಸಮುದ್ರದ ಸದ್ದು. "ಕಡೀ ಸೀನ್ ಇಲ್ಲೇ ತಗೀತೀನಿ. ಹುಡುಗಿನ್ನ ಕರಕೊಂಡ ಬರ್ರಿ. ತೊಗಲು ನಿಮ್ಮ ಕಡೇನ ಅದ, ಮರೀಬ್ಯಾಡ್ರಿ."

ಕಥೆಯಲ್ಲಿ ತೊಗಲು ಮುಚ್ಚಿಟ್ಟವ ಯಾರೆಂದು ಈಗ ಹೊಳೆಯಿತು. ದೀಪಾವಳಿಗೆ ಎಂಟೇ ದಿನ. ಶಟರ್ ಎಳೆದೆ. ಪಕ್ಕದ ಅಂಗಡಿಯವರು ಓಡಿ ಬಂದರು.

"ಸೀಜನ್ನ್ಯಾಗ ಎಲ್ಲಿಗಿರಿ?"

"ಕಾರವಾರಕ್ಕ. ಈ ಚಾದರ ಮುಟ್ಟಸೂದದ."

"ಒಂದ ಚಾದರ ಮಾರಾಕ ಅಷ್ಟ ದೂರ?"

"ಮಾರಾಕಲ್ಲರೀ. ನಾಕ ವರ್ಷ ಮುಚ್ಚಿಟ್ಟಿದ್ದೆ, ತಿರುಗಿ ಕೊಡಾಕ."

"ಅಯ್ಯ, ನಾಕ ವರ್ಷ! ಹಂಗಾರ ಬಣ್ಣ ಹೋಗಿರತದ ತಗೀರಿ."

"ಇಲ್ಲರೀ," ಎಂದೆ, "ಬಣ್ಣ ಒಟ್ಟ ಹೋಗಿಲ್ಲ."