ಬಂದವರ ಹಿಡಿ ಅಕ್ಕಿ

ನಮ್ಮವರು ಕದ್ದು ತಿನ್ನಲಿಲ್ಲ, ನಾನೇ ತಿನ್ನಿಸಿದ್ದು. ಆದರೆ ಮನೆಯಲ್ಲಿ ಕಳ್ಳನನ್ನು ಹಿಡಿಯುವ ಕೆಲಸ ಯಾವಾಗಲೂ ದೊಡ್ಡ ಬಾಯಿಯವರಿಗೇ ಸಿಗುತ್ತದೆ. ನಮ್ಮಲ್ಲಿ ಆ ಬಾಯಿ ನನ್ನದು. ಕಾಪುವಿನಿಂದ ಉಚ್ಚಿಲದವರೆಗೆ ಮೀನಿನ ಬುಟ್ಟಿ ಹೊತ್ತು ಕೂಗಿ ಪಳಗಿದ್ದು.

ಮಲ್ಪೆಗೆ ಟ್ರಾಲ್ ಬೋಟುಗಳು ಹೊಸದಾಗಿ ಬಂದಿದ್ದ ಕಾಲ. ನಮ್ಮವರ ಕಾಲಿನ ಹೆಬ್ಬೆರಳಿಗೆ ಚಿಪ್ಪು ತಾಗಿ ಆದ ಗಾಯ ಒಣಗಲೇ ಇಲ್ಲ. ಮಣಿಪಾಲದ ಡಾಕ್ಟರು ಸಕ್ಕರೆ ಕಾಯಿಲೆ ಎಂದರು. ಹೊತ್ತಿಗೆ ನೂರು ಗ್ರಾಂ ಅಕ್ಕಿ, ಅದಕ್ಕಿಂತ ಒಂದು ಕಾಳು ಹೆಚ್ಚು ಬೇಡ ಎಂದರು. ನಾನು ಮೀನನ್ನೇ ಪಾಲು ಹಾಕಿ ಮಾರಿದವಳು, ತೂಗಿದವಳಲ್ಲ. ಅಡುಗೆಮನೆಯಲ್ಲಿ ನನಗೆ ಗೊತ್ತಿದ್ದ ಅಳತೆ ಎಂದರೆ ಅತ್ತೆ ಕೊಟ್ಟ ಹಿತ್ತಾಳೆಯ ಕುಡ್ತೆ. ಅದನ್ನೇ ಸೆರಗಿನಲ್ಲಿ ಕಟ್ಟಿಕೊಂಡು ಹಮೀದ್ ಬ್ಯಾರಿಯ ಅಂಗಡಿಗೆ ಹೋದೆ. ಅವನು ಕುಚ್ಚಲಕ್ಕಿ ತುಂಬಿಸಿ, ಮೇಲಿನ ರಾಶಿಯನ್ನು ಬೆರಳಿನಿಂದ ಒರೆಸಿ, ತಕ್ಕಡಿಗೆ ಸುರಿದ. "ಅಕ್ಕ, ಅರ್ಧ ಕುಡ್ತೆ ಹಾಕಿ. ಡಾಕ್ಟರ ನೂರು ಗ್ರಾಂ ಆಯಿತು" ಎಂದ. ಅಂದಿನಿಂದ ಅವರಿಗೆ ಬೇರೆಯೇ ಸಣ್ಣ ಪಾತ್ರೆ, ಬೇರೆಯೇ ಗಂಜಿ.

ತಿಂಗಳು ಕಳೆದು ಮಣಿಪಾಲಕ್ಕೆ ಹೋದರೆ ಸಕ್ಕರೆ ಇಳಿದೇ ಇಲ್ಲ. ಡಾಕ್ಟರು ಗಾಯವನ್ನು ಒತ್ತಿ ನೋಡಿ, "ಅಜ್ಜ, ಎಂತ ಕದ್ದು ತಿನ್ನುತ್ತೀರಿ? ಮುಂದಿನ ಸಲವೂ ಹೀಗೆಯೇ ಇದ್ದರೆ ಬೆರಳು ತೆಗೆಯಬೇಕಾಗುತ್ತದೆ" ಎಂದರು. ಬಸ್ಸಿನಲ್ಲಿ ನಾನು ಅವರ ಕಡೆ ತಿರುಗಲಿಲ್ಲ. ಮನೆಗೆ ಬಂದವಳೇ ಅಂಗಿಯ ಕಿಸೆ ತಡಕಿದೆ, ದಿಂಬು ಕೊಡವಿದೆ, ಬಲೆಯ ರಾಶಿಯನ್ನು ಬಿಚ್ಚಿದೆ. ಸಿಕ್ಕಿದ್ದು ಒಂದು ಬೀಡಿ.

"ಹೇಳಿ, ಯಾರ ಮನೆಯ ಚಾ?"

"ನೀನು ಬಡಿಸಿದ್ದು ಬಿಟ್ಟು ಬೇರೆ ಎಂತದೂ ಇಲ್ಲ ಮಾರಾಯ್ತಿ" ಎಂದರು. ದನಿ ಸಣ್ಣದಾಗಿತ್ತು. ಬೆರಳಿಲ್ಲದ ಕಾಲಿನಲ್ಲಿ ದೋಣಿಯಲ್ಲಿ ನಿಲ್ಲುವುದು ಹೇಗೆ ಎಂದು ಅವರು ಆಗಲೇ ಲೆಕ್ಕ ಹಾಕುತ್ತಿದ್ದರು. "ಸುಳ್ಳ" ಎಂದೆ ನಾನು.

ಆ ಸಂಜೆ ಅಕ್ಕಿಯ ಡಬ್ಬಿಯ ಮುಂದೆ ಸೊಸೆ ಸುಮತಿ ನನ್ನ ಪಕ್ಕದಲ್ಲೇ ನಿಂತಿದ್ದಳು.

"ಮಾಮಿ, ಅದು ಎಂತ?"

"ಯಾವುದು?"

"ಅರ್ಧ ಕುಡ್ತೆ ಹಾಕಿದ ಮೇಲೆ ಒಂದು ಹಿಡಿ ಹಾಕಿದಿರಲ್ಲ."

"ಅದು ಬಂದವರದ್ದು. ಲೆಕ್ಕಕ್ಕಿಲ್ಲ." ಅಳೆದ ಅಕ್ಕಿಯ ಮೇಲೆ ಬರಬಹುದಾದ ನೆಂಟರ ಹೆಸರಿನಲ್ಲಿ ಒಂದು ಹಿಡಿ ಹಾಕದೆ ನಮ್ಮ ಮನೆಯಲ್ಲಿ ಒಲೆ ಹೊತ್ತಿಸಿದ್ದೇ ಇಲ್ಲ.

"ಬಂದವರು ಎಲ್ಲಿ ಮಾಮಿ?"

"ಬಂದರೆ ಅಂತ ಹಾಕುವುದು."

"ಬಾರದಿದ್ದರೆ?"

"ಬಾರದಿದ್ದರೆ ಚೆಲ್ಲುವುದಾ? ನಿನ್ನ ಮಾವನ ಬಟ್ಟಲಿಗೆ."

ಹೇಳಿ ಮುಗಿಸಿದ ಮೇಲೆ ನನಗೇ ಕೇಳಿಸಿತು. ಜಗಲಿಯಲ್ಲಿದ್ದ ಅವರು ಎದ್ದು ಅಡುಗೆಮನೆಯ ಬಾಗಿಲಿಗೆ ಬಂದರು. ಸುಮತಿ ಆ ಹಿಡಿಯನ್ನು ಹೆಕ್ಕಿ, ಕಾಗದದಲ್ಲಿ ಕಟ್ಟಿ, ಬ್ಯಾರಿಯ ಅಂಗಡಿಗೆ ಓಡಿದಳು. ಅರವತ್ತು ಗ್ರಾಂ. ಬುಟ್ಟಿ ಹಿಡಿದ ಕೈ, ಸಣ್ಣದಿರುವುದು ಹೇಗೆ? "ಅಕ್ಕನ ಹಿಡಿಯಲ್ಲಿ ಒಂದು ಮಗುವಿನ ಊಟ ಉಂಟಲ್ಲ" ಎಂದನಂತೆ ಬ್ಯಾರಿ. ನಮ್ಮವರು ಮಾತ್ರ, "ಆ ಬೀಡಿಯನ್ನಾದರೂ ಈಗ ಕೊಡು" ಎಂದರು. ಕೊಡಲಿಲ್ಲ. ಬೆರಳು ಇವತ್ತಿಗೂ ಕಾಲಿನಲ್ಲೇ ಉಂಟು. ಅದಕ್ಕೆ ಡಾಕ್ಟರು ಹೊಗಳಿದ್ದು ಅವರ ಬಾಯಿಕಟ್ಟನ್ನು.

ಹಿಡಿ ತೂಗಿಸಿದ ಮರುದಿನ ಬೆಳಿಗ್ಗೆ ಅರ್ಧ ಕುಡ್ತೆ ಅಳೆದೆ. ಕೈ ತಾನಾಗಿಯೇ ಡಬ್ಬಿಗೆ ಹೋಯಿತು. ಆ ಹಿಡಿಯನ್ನು ಬೇರೆ ಪಾತ್ರೆಗೆ ಹಾಕಿ ಬೇಯಿಸಿ, ಜಗಲಿಯಲ್ಲಿ ಕೂತು ದಾರಿ ನೋಡಿದೆ. ಒಂದು ನರಪಿಳ್ಳೆಯೂ ಬರಲಿಲ್ಲ. ಕೊನೆಗೆ ಅಂಗಳಕ್ಕೆ ಇಳಿದು, ಚೆಂಬಿನ ನೀರಿನಲ್ಲಿ ಕಾಲು ತೊಳೆದು, ನೆಂಟರ ಹಾಗೆ ಮೆಟ್ಟಿಲು ಹತ್ತಿ ಒಳಗೆ ಬಂದು, ಆ ಗಂಜಿಯನ್ನು ನಾನೇ ಉಂಡೆ.