ಬಾಕಿ ಕೇಳಲು ಬಂದ ಸಾಫ್ಟ್‌ವೇರ್

ಬಾಕಿ ಕೇಳುವ ಕಡೆ ತಮಾಷೆಗೆ ಬರವಿಲ್ಲ. ಕಡೂರಿನ ಪೈಪು, ಮೋಟರ್ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ನನಗೆ ಫೋನ್ ಮಾಡಿ ದುಡ್ಡು ಕೇಳುವುದೆಂದರೆ ತುಂಬಾ ಸಂಕೋಚವಾಗುತ್ತಿತ್ತು. ಹೋದ ವರ್ಷ ಸಾಹುಕಾರರು ಕ್ಲೌಡ್ ಸಾಫ್ಟ್‌ವೇರ್ ಹಾಕಿಸಿದರು. ಯಾರ ಬಾಕಿ ಹಳೆಯದೋ ಅವರಿಗೆ ಅದೇ ಮೆಸೇಜ್ ಕಳಿಸುತ್ತೆ, ಅದೇ ಫೋನ್ ಮಾಡುತ್ತೆ. ಬದುಕಿಕೊಂಡೆ ಅಂದುಕೊಂಡೆ.

ಮಾತು ಕೇಳದ ಹುಡುಗಿ

ಅಜ್ಜಂಪುರದ ಗಿರಾಕಿಯೊಬ್ಬರು ಅಂಗಡಿಗೇ ಬಂದರು. "ನಿಮ್ಮಲ್ಲಿ ಫೋನ್ ಮಾಡೋ ಹುಡುಗಿ ಎಲ್ಲಿ? ಅಮ್ಮನಿಗೆ ಮಂಡಿ ಆಪರೇಷನ್ ಆಯ್ತು, ಈರುಳ್ಳಿ ಮಾರಿದ್ಮೇಲೆ ಕೊಡ್ತೀನಿ ಅಂತ ಎಲ್ಲಾ ಹೇಳ್ದೆ. ಅವಳು 'ಒಂದನ್ನು ಒತ್ತಿ' ಅಂತಾಳೆ."

"ಅದು ರೆಕಾರ್ಡ್ ಮಾಡಿದ ದನಿ ಸರ್, ಹುಡುಗಿ ಅಲ್ಲ" ಅಂದೆ.

ಅವರ ಮುಖ ಹಗುರಾಯಿತು. "ಹಂಗಾದ್ರೆ ಸರಿ ಬಿಡಿ. ಕೊನೇಲಿ ಎರಡು ಮಾತು ಬೈದ್ಬಿಟ್ಟಿದ್ದೆ. ಕ್ಷಮೆ ಕೇಳೋಣ ಅಂತಾನೇ ಬಸ್ ಹತ್ತಿದ್ದು."

ಬೇಕರಿಯಲ್ಲಿ ಅಡಗಿದವರು

ತೀರಾ ಹಳೇ ಬಾಕಿಗೆ ಮಾತ್ರ ನಾನೇ ಹೋಗಬೇಕಿತ್ತು. ಒಮ್ಮೆ ತರೀಕೆರೆಗೆ ಹೋದರೆ ಬಾಕಿ ಕೊಡಬೇಕಾದವರ ಅಂಗಡಿ ಬಾಗಿಲು ಹಾಕಿತ್ತು. ಎದುರಿನ ಬೇಕರಿಯಲ್ಲಿ ಟೀ ಹೇಳಿ ಕೂತೆ. ಪಕ್ಕದಲ್ಲಿದ್ದವರು ಮಾತಿಗಿಳಿದರು.

"ಆ ಅಂಗಡಿಗೆ ಬಂದ್ರಾ? ನಂದೇ ಕಣಮ್ಮ. ವಸೂಲಿಯವರು ಬರ್ತಾರೆ ಅಂತ ಮೆಸೇಜ್ ಬಂದಿದೆ. ಅವನು ಬಂದು ಹೋಗ್ಲಿ, ಬಾಗಿಲು ತೆಗೀತೀನಿ."

"ಸರ್, ಆ ವಸೂಲಿಯವಳು ನಾನೇ."

ಅವರು ಟೀ ಲೋಟ ಕೆಳಗಿಟ್ಟರು. "ಯಾರೋ ಮೀಸೆಯವನು ಬರ್ತಾನೆ ಅಂತ ಬೆಳಿಗ್ಗೆಯಿಂದ ವ್ಯಾಪಾರ ಬಿಟ್ಟು ಕೂತಿದೀನಲ್ಲಮ್ಮ."

ಅರ್ಧ ಬಾಕಿ ಕೊಟ್ಟರು, ನನ್ನ ಟೀ ದುಡ್ಡನ್ನೂ ಕೊಟ್ಟರು. "ಇನ್ನರ್ಧಕ್ಕೆ ಬರೋವಾಗ ಮೆಸೇಜ್ ಕಳಿಸ್ಬೇಡಿ. ಅಂಗಡಿ ಮುಚ್ಚೋ ಅಭ್ಯಾಸ ಆಗ್ಬಿಡುತ್ತೆ."

ಮಾವನವರಿಗೆ ಕೊನೆಯ ಎಚ್ಚರಿಕೆ

ಒಂದು ದಿನ ಸಾಹುಕಾರರು ಬೆವೆತುಹೋಗಿದ್ದರು. ಅವರ ಮಾವ ದೇವನೂರಿನ ತೆಂಗಿನ ತೋಟಕ್ಕೆ ಒಯ್ದ ಪೈಪಿನ ದುಡ್ಡನ್ನು ಇವರು ಯಾವತ್ತೂ ಕೇಳಿರಲಿಲ್ಲ. ಸಾಫ್ಟ್‌ವೇರಿಗೆ ಬೀಗರು, ನೆಂಟರು ಅಂತ ಉಂಟೇ? 'ಕೊನೆಯ ಎಚ್ಚರಿಕೆ' ಅಂತ ಕಳಿಸಿಬಿಟ್ಟಿತ್ತು. ಅದರ ಪಟ್ಟಿಗೆ ಮಾವನವರ ಹೆಸರು ಸೇರಿಸಿದವಳು ನಾನು. ಕೆಲಸ ಹೋಯ್ತು ಅಂತಲೇ ಕೂತಿದ್ದೆ.

ಮಾವ ಬಂದರು. ಪೂರ್ತಿ ದುಡ್ಡು ಟೇಬಲ್ ಮೇಲಿಟ್ಟರು. "ಅಳಿಯಂದಿರು ಕೇಳ್ಲಿಲ್ಲ, ನಾನಾಗಿ ಕೊಟ್ರೆ ಬೇಜಾರು ಮಾಡ್ಕೊಂಡಾರು ಅಂತ ಸುಮ್ನಿದ್ದೆ. ಈಗ ಮೆಷಿನ್ನೇ ಕೇಳ್ತಲ್ಲ, ಯಾರ ಮರ್ಯಾದೆಯೂ ಹೋಗ್ಲಿಲ್ಲ."

ಸಾಹುಕಾರರು ಉಸಿರು ಬಿಟ್ಟರು. ನಾನೂ ಬಿಟ್ಟೆ.

ಹೊರಡುವಾಗ ಮಾವ ನನ್ನ ಕಡೆ ತಿರುಗಿದರು. "ಇದನ್ನ ನನ್ನ ಫೋನಿಗೂ ಹಾಕ್ಕೊಡಮ್ಮ. ಮನೆ ಕಟ್ಟೋವಾಗ ಅಳಿಯಂದಿರು ನನ್ನತ್ರ ಈಸ್ಕೊಂಡಿದ್ದನ್ನ ನನಗೂ ಬಾಯಿಬಿಟ್ಟು ಕೇಳಕ್ಕಾಗ್ತಿಲ್ಲ."